240 ದಿನ ಟೆಕ್ಸಸ್‌ನಲ್ಲಿದ್ದೆ, ಆದರೂ ಕ್ಯಾಲಿಫೋರ್ನಿಯಾಕ್ಕೇ ಟ್ಯಾಕ್ಸ್ ಕಟ್ಟಬೇಕಾ?

ಆಸ್ಟಿನ್_ಅಲೆಮಾರಿ:
ಎಲ್ಲರಿಗೂ ನಮಸ್ಕಾರ. ಟ್ಯಾಕ್ಸ್ ವಿಷಯ ಗೊತ್ತಿರುವವರು ಸ್ವಲ್ಪ ನೋಡಿ ಹೇಳಿ. ನಮ್ಮ ಮನೆ ಫ್ರೀಮಾಂಟ್‌ನಲ್ಲಿದೆ, ಸ್ವಂತದ್ದು, ಲೋನ್ ಇನ್ನೂ ಇದೆ. ಹೆಂಡತಿಗೆ ಅಲ್ಲೇ ಕೆಲಸ, ಮಗಳು ನಾಲ್ಕನೇ ಕ್ಲಾಸು. ಫೆಬ್ರವರಿ ಕೊನೆಯಲ್ಲಿ ಕಂಪನಿಯವರು ನನ್ನನ್ನು ಒಂದು ಪ್ರಾಜೆಕ್ಟಿಗೆ ಅಂತ ಆಸ್ಟಿನ್‌ಗೆ ಕಳಿಸಿದರು. ಬರುವ ಜನವರಿ ಮಧ್ಯಕ್ಕೆ ಅದು ಮುಗಿಯುತ್ತದೆ, ಆಮೇಲೆ ಹಳೇ ಕುರ್ಚಿಗೇ ವಾಪಸ್. ಇಲ್ಲಿ ಒಂದು ಬೆಡ್‌ರೂಮಿನ ಮನೆ ಬಾಡಿಗೆಗೆ ಹಿಡಿದಿದ್ದೇನೆ. ಎರಡು ವಾರಕ್ಕೊಮ್ಮೆ ಶುಕ್ರವಾರ ರಾತ್ರಿ ಫ್ಲೈಟ್ ಹಿಡಿದು ಮನೆಗೆ ಹೋಗುತ್ತೇನೆ, ಭಾನುವಾರ ರಾತ್ರಿ ತಿರುಗಿ ಇಲ್ಲಿಗೆ.

ಮಾರ್ಚ್‌ನಿಂದ ಪೇ ಸ್ಲಿಪ್‌ನಲ್ಲಿ ಕ್ಯಾಲಿಫೋರ್ನಿಯಾ ಟ್ಯಾಕ್ಸ್ ಸೊನ್ನೆ. ಪೇರೋಲ್‌ನವರೇ ನಿಲ್ಲಿಸಿದರು, ನಾನು ಕೇಳಿರಲಿಲ್ಲ. ಕೈಗೆ ಬರುವ ದುಡ್ಡು ಜಾಸ್ತಿ ಆಯಿತು, ಖುಷಿಯಲ್ಲಿ ಸುಮ್ನೆ ಇದ್ದೆ. ಜೂನ್‌ನಲ್ಲಿ ಟೆಕ್ಸಸ್ ಲೈಸೆನ್ಸ್ ಕೂಡ ಮಾಡಿಸಿದೆ, ಕಾರೂ ಇಲ್ಲೇ ರಿಜಿಸ್ಟರ್ ಆಗಿದೆ. ಡಿಸೆಂಬರ್ 31ಕ್ಕೆ ಲೆಕ್ಕ ಹಾಕಿದರೆ ಈ ವರ್ಷ ಟೆಕ್ಸಸ್‌ನಲ್ಲಿ ಸುಮಾರು 240 ದಿನ ಇದ್ದ ಹಾಗಾಗುತ್ತದೆ. 183 ದಿನ ದಾಟಿದರೆ ಟೆಕ್ಸಸ್ ರೆಸಿಡೆಂಟ್ ಅಲ್ವಾ? ಆಫೀಸಿನಲ್ಲಿ ಒಬ್ಬರು ಹೌದು ಅಂತಾರೆ, ಇನ್ನೊಬ್ಬರು ನಗುತ್ತಾರೆ. ಆ ನಗು ನೋಡಿ ಭಯ ಶುರುವಾಗಿದೆ.

ಗೊಜ್ಜವಲಕ್ಕಿ:
ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಗುರುಗಳೇ. 183 ದಾಟಿದೆ, ಲೈಸೆನ್ಸ್ ಇದೆ, ಬಾಡಿಗೆ ಅಗ್ರಿಮೆಂಟ್ ಇದೆ. ಟೆಕ್ಸಸ್‌ನಲ್ಲಿ ಸಂಬಳಕ್ಕೆ ಸ್ಟೇಟ್ ಟ್ಯಾಕ್ಸೇ ಇಲ್ಲ. ಜನವರಿ, ಫೆಬ್ರವರಿಗೆ ಮಾತ್ರ ಕ್ಯಾಲಿಫೋರ್ನಿಯಾಕ್ಕೆ ಪಾರ್ಟ್ ಇಯರ್ ಅಂತ ಫೈಲ್ ಮಾಡಿ, ಉಳಿದದ್ದಕ್ಕೆ ಕೈ ತೊಳೆದುಕೊಳ್ಳಿ. ನಮ್ಮ ಕಸಿನ್ ಹಾಗೇ ಮಾಡಿದ, ಯಾರೂ ಏನೂ ಕೇಳಲಿಲ್ಲ.

ಲೆಕ್ಕದ_ರಾಯರು:
ಗೊಜ್ಜವಲಕ್ಕಿಯವರೇ, ದಯವಿಟ್ಟು ಬೇಡ. ನಾನು ಹದಿನೇಳು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಫೆಬ್ರವರಿ ಬಂದರೆ ಇಂಥ ಮೂರು ಕೇಸಾದರೂ ಮೇಜಿನ ಮೇಲೆ ಬಂದು ಬೀಳುತ್ತವೆ.

ಮೊದಲು ಆ 183ರ ವಿಷಯ. ಅದು ಎಲ್ಲರ ಬಾಯಲ್ಲೂ ಇದೆ, ಆದರೆ ಎಲ್ಲದಕ್ಕೂ ಒಂದೇ 183 ಅಲ್ಲ. ಫೆಡರಲ್‌ನಲ್ಲಿ ವೀಸಾದವರು ರೆಸಿಡೆಂಟ್ ಏಲಿಯನ್ (ಅಂದರೆ ಟ್ಯಾಕ್ಸ್ ಲೆಕ್ಕಕ್ಕೆ ಇಲ್ಲಿನವರು) ಹೌದೋ ಅಲ್ಲವೋ ನೋಡುವ ಲೆಕ್ಕ ಒಂದು. ಈ ವರ್ಷದ ದಿನ ಪೂರ್ತಿ, ಹೋದ ವರ್ಷದ್ದು ಮೂರನೇ ಒಂದು, ಅದರ ಹಿಂದಿನದ್ದು ಆರನೇ ಒಂದು ಅಂತ ಕೂಡುವುದು. ನ್ಯೂಯಾರ್ಕ್‌ನದ್ದು ಇನ್ನೊಂದು. ಅಲ್ಲಿ ಕಾಯಂ ವಾಸಕ್ಕೆ ಆಗುವಂಥ ಮನೆ ಇದ್ದು, ವರ್ಷದಲ್ಲಿ 183ಕ್ಕಿಂತ ಜಾಸ್ತಿ ದಿನ ಇದ್ದರೆ, ನಿಮ್ಮ ಊರು ಬೇರೆಯಾದರೂ ನೀವು ಅಲ್ಲಿನ ರೆಸಿಡೆಂಟ್. ಬೆಳಗ್ಗೆ ಬಂದು ತಿಂಡಿ ತಿಂದು ಹೋದರೂ ಅದು ಒಂದು ದಿನ. ಗಮನಿಸಿ, ಇದೆಲ್ಲ ನಿಮ್ಮನ್ನು ಒಳಗೆ ಎಳೆದುಕೊಳ್ಳಲು ಇರುವ ನಿಯಮ. ಇನ್ನೊಂದು ರಾಜ್ಯ ನಿಮ್ಮನ್ನು ಬಿಟ್ಟುಕೊಡಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲ.

ಕ್ಯಾಲಿಫೋರ್ನಿಯಾ ಕೇಳುವುದು ಬೇರೆ ಪ್ರಶ್ನೆ. ನಿಮ್ಮ ಡೊಮಿಸೈಲ್ ಎಲ್ಲಿ? ಅಂದರೆ ಎಲ್ಲಿ ಹೋದರೂ ಕೊನೆಗೆ ವಾಪಸ್ ಬರಬೇಕು ಅಂತ ಇರುವ ಮನೆ ಯಾವುದು? ನಮ್ಮಣ್ಣ ಧಾರವಾಡದ ಹಾಸ್ಟೆಲಿನಲ್ಲಿ ಐದು ವರ್ಷ ಇದ್ದ, ರಜೆಗೆ ಮಾತ್ರ ಮನೆಗೆ ಬರುತ್ತಿದ್ದ. ಆದರೂ ನಿಮ್ಮೂರು ಯಾವುದು ಅಂದರೆ ಶಿರಸಿ ಅಂತಲೇ ಹೇಳುತ್ತಿದ್ದ. ಡೊಮಿಸೈಲ್ ಅಂದರೆ ಹಾಗೆ. ಒಂದೇ ಇರುತ್ತದೆ. ಹೊಸದು ಕಟ್ಟಿಕೊಳ್ಳುವವರೆಗೆ ಹಳೆಯದು ಬಿಡುವುದಿಲ್ಲ. ಅಲ್ಲಿನವರಾಗಿದ್ದು ತಾತ್ಕಾಲಿಕ ಕೆಲಸಕ್ಕೆ ಹೊರಗೆ ಹೋದವರನ್ನು ಕ್ಯಾಲಿಫೋರ್ನಿಯಾ ಪೂರ್ತಿ ವರ್ಷದ ರೆಸಿಡೆಂಟ್ ಅಂತಲೇ ನೋಡುತ್ತದೆ.

ಅಲೆಮಾರಿಯವರೇ, ನೀವೇ ಬರೆದಿದ್ದೀರಿ: ಸ್ವಂತ ಮನೆ ಅಲ್ಲಿ, ಹೆಂಡತಿ ಮಗಳು ಅಲ್ಲಿ, ಜನವರಿಗೆ ಹಳೇ ಕುರ್ಚಿಗೆ ವಾಪಸ್. ಇದಾದ ಮೇಲೆ ಲೈಸೆನ್ಸ್ ಯಾವ ರಾಜ್ಯದ್ದಾದರೇನು. ಅಂದಹಾಗೆ ಫ್ರೀಮಾಂಟ್ ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ತೆಗೆದು ನೋಡಿ. ಹೋಮ್‌ಓನರ್ಸ್ ಎಕ್ಸೆಂಪ್ಶನ್ ಅಂತ ಟ್ಯಾಕ್ಸ್ ಹಾಕುವ ಮನೆ ಮೌಲ್ಯದಲ್ಲಿ 7,000 ಡಾಲರ್ ಕಳೆದಿರುತ್ತಾರೆ. ಇದೇ ನಾನು ವಾಸ ಇರುವ ಮನೆ ಅಂತ ನೀವೇ ಸಹಿ ಹಾಕಿ ಕೊಟ್ಟಿದ್ದಕ್ಕೆ ಬಂದ ರಿಯಾಯಿತಿ ಅದು.

ಆಸ್ಟಿನ್_ಅಲೆಮಾರಿ:
ಅಯ್ಯೋ. ಈಗ ತಾನೇ ಬಿಲ್ ನೋಡಿದೆ. ಇದೆ ಸರ್, 7,000 ಅಂತ ಬರೆದಿದೆ.

ಗೊಜ್ಜವಲಕ್ಕಿ:
ರಾಯರೇ, ನಿಯಮ ಒಪ್ಪಿದೆ. ಆದರೆ ಪ್ರಾಕ್ಟಿಕಲ್ ಆಗಿ ಅವರಿಗೆ ಗೊತ್ತಾಗುವುದು ಹೇಗೆ? ಸಾವಿರಾರು ಜನ ಟೆಕ್ಸಸ್‌ಗೆ ಹೋಗುತ್ತಾರೆ.

ಲೆಕ್ಕದ_ರಾಯರು:
ಗೊತ್ತಾಗದೆ ಇರುವುದು ಹೇಗೆ ಅಂತ ಕೇಳಿ. ಗಂಡ ಹೆಂಡತಿ ಜಾಯಿಂಟ್ ಆಗಿ ಫೆಡರಲ್ ಫೈಲ್ ಮಾಡುತ್ತಾರೆ, ಅದರಲ್ಲಿ ಫ್ರೀಮಾಂಟ್ ವಿಳಾಸ, ಮನೆ ಸಾಲದ ಬಡ್ಡಿ. ಆ ಮಾಹಿತಿ ರಾಜ್ಯಕ್ಕೂ ಹೋಗುತ್ತದೆ. ಹೆಂಡತಿಯ ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ) ಪೂರ್ತಿ ಕ್ಯಾಲಿಫೋರ್ನಿಯಾದ್ದು, ಗಂಡನದು ಎರಡೇ ತಿಂಗಳಿನದ್ದು. ಇದನ್ನು ಹಿಡಿಯಲು ಮನುಷ್ಯರೇ ಬೇಕಾಗಿಲ್ಲ.

ರಿಟರ್ನ್ ಹಾಕಿದರೆ ಸಾಮಾನ್ಯವಾಗಿ 4 ವರ್ಷದೊಳಗೆ ಅವರು ತಕರಾರು ತೆಗೆಯಬೇಕು. ರಿಟರ್ನ್ ಹಾಕದೇ ಬಿಟ್ಟರೆ ಆ ಗಡುವೇ ಇಲ್ಲ, ಹತ್ತು ವರ್ಷ ಬಿಟ್ಟೂ ಪತ್ರ ಬರಬಹುದು. ನಿಮ್ಮ ಕಸಿನ್‌ಗೆ ಇನ್ನೂ ಯಾರೂ ಕೇಳಿಲ್ಲ ಅಷ್ಟೇ.

ಕ್ಯಾಲಿಫೋರ್ನಿಯಾ ಎಷ್ಟು ಹಟ ಹಿಡಿಯುತ್ತದೆ ಅಂತ ತಿಳಿಯಬೇಕಾದರೆ ಗಿಲ್ಬರ್ಟ್ ಹಯಾಟ್ ಅನ್ನುವ ಸಂಶೋಧಕನ ಕಥೆ ಓದಿ. 1991ರಲ್ಲಿ ನೆವಾಡಕ್ಕೆ ಹೋದೆ ಅಂದ. ಹೋಗಿದ್ದು ಮುಂದಿನ ವರ್ಷ ಅಂತ ಕ್ಯಾಲಿಫೋರ್ನಿಯಾದ ಟ್ಯಾಕ್ಸ್ ಇಲಾಖೆಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ವಾದಿಸಿತು. ನಡುವೆ ಇದ್ದದ್ದು ಕೆಲವು ತಿಂಗಳ ವ್ಯತ್ಯಾಸ. ಅದರಿಂದ ಎದ್ದ ಜಗಳ 2003, 2016, 2019 ಅಂತ ಮೂರು ಸಲ ಅಮೆರಿಕದ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಅವರ ಹತ್ತಿರ ದುಡ್ಡಿತ್ತು, ಹೋರಾಡಿದರು. ನಮ್ಮಂಥವರಿಗೆ ಆಗುತ್ತಾ?

ಸಿಯಾಟಲ್_ಸೋನೆಮಳೆ:
ನಾನು ನಿಜವಾಗಿಯೂ ಬಿಟ್ಟು ಬಂದವಳು, ಅದಕ್ಕೇ ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ಸನ್ನಿವೇಲ್ ಬಿಟ್ಟು ಸಿಯಾಟಲ್‌ಗೆ ಬಂದೆವು. ಗಂಡ, ಮಕ್ಕಳು, ದೇವರ ಮನೆಯ ಪೆಟ್ಟಿಗೆ, ಅಜ್ಜಿ ಕೊಟ್ಟ ಹಿತ್ತಾಳೆ ದೀಪ, ಕರಿಬೇವಿನ ಕುಂಡ ಸಮೇತ. ಕುಂಡ ದಾರಿಯಲ್ಲೇ ಸತ್ತಿತು, ಅದು ಬೇರೆ ಮಾತು. ಅಲ್ಲಿನ ಮನೆ ಖಾಲಿ ಮಾಡಿ ಕೀಲಿ ಕೊಟ್ಟು ಬಂದೆವು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂದುಕೊಂಡಿದ್ದೆ. ಅಂಬಿಗ ಬೆನ್ನು ಬಿಡಲಿಲ್ಲ. ಕಾರಣ ಆರ್‌ಎಸ್‌ಯು, ಅಂದರೆ ಸಂಬಳದ ಜೊತೆ ಕಂಪನಿ ಕಂತಿನಲ್ಲಿ ಕೊಡುವ ಷೇರು. ಷೇರು ಕೊಡುತ್ತೇವೆ ಅಂತ ಕಂಪನಿ ಬರೆದುಕೊಟ್ಟಾಗ ನಾನು ಕ್ಯಾಲಿಫೋರ್ನಿಯಾದಲ್ಲಿದ್ದೆ, ಅದು ನಿಜವಾಗಿ ಕೈಗೆ ಬಂದಾಗ ವಾಷಿಂಗ್ಟನ್‌ನಲ್ಲಿ. ಗ್ರಾಂಟ್ ಆದ (ಬರೆದುಕೊಟ್ಟ) ದಿನದಿಂದ ವೆಸ್ಟ್ ಆದ (ಕೈಗೆ ಬಂದ) ದಿನದವರೆಗೆ ಒಟ್ಟು ಎಷ್ಟು ದಿನ ಕೆಲಸ ಮಾಡಿದೆ, ಅದರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಷ್ಟು ಅಂತ ಲೆಕ್ಕ ಹಾಕಬೇಕು. ನನ್ನ ಒಂದು ಕಂತಿಗೆ 750 ದಿನದಲ್ಲಿ 500 ದಿನ ಅಲ್ಲಿನದು. ಅಂದರೆ ಮೂರರಲ್ಲಿ ಎರಡು ಪಾಲಿಗೆ ಕ್ಯಾಲಿಫೋರ್ನಿಯಾ ಟ್ಯಾಕ್ಸ್. ರೆಸಿಡೆಂಟ್ ಅಲ್ಲದಿದ್ದರೂ, ಹೊರಗಿನವರಿಗೆ ಅಂತ ಕ್ಯಾಲಿಫೋರ್ನಿಯಾ ಇಟ್ಟಿರುವ 540ಎನ್‌ಆರ್ ಫಾರ್ಮ್ ಹಾಕಿ ಕಟ್ಟಿದೆ. ಸಂಬಳದ್ದು ಮಾತ್ರ ಏನೂ ಇಲ್ಲ, ಯಾಕೆಂದರೆ ಕೂತು ಕೆಲಸ ಮಾಡಿದ್ದು ಇಲ್ಲಿ.

ಹಾಗೇ, ವಾಷಿಂಗ್ಟನ್‌ನಲ್ಲಿ ಟ್ಯಾಕ್ಸೇ ಇಲ್ಲ ಅಂತ ಬರುವವರಿಗೆ: ಸಂಬಳಕ್ಕೆ ಇಲ್ಲ ನಿಜ, ಆದರೆ 2022ರಿಂದ ದೊಡ್ಡ ಮೊತ್ತದ ಷೇರು ಲಾಭಕ್ಕೆ ಇದೆ.

ಹಡ್ಸನ್_ದಂಡೆ:
ಪೂರ್ವದ ಕಡೆಯ ಕಥೆಯೂ ಕೇಳಿ. ಮನೆ ಜರ್ಸಿ ಸಿಟಿ, ಆಫೀಸು ಮ್ಯಾನ್‌ಹಟನ್. ಎರಡು ವರ್ಷದ ಹಿಂದೆ ಅಮ್ಮನಿಗೆ ಮಂಡಿ ಆಪರೇಷನ್ ಆಯಿತು ಅಂತ ಮೈಸೂರಿಗೆ ಹೋಗಿ ಮೂರೂವರೆ ತಿಂಗಳು ಅಲ್ಲಿಂದಲೇ ಕೆಲಸ ಮಾಡಿದೆ. ರಾತ್ರಿ ಎಂಟರಿಂದ ಮೂರು. ಅಮ್ಮ ಪಕ್ಕದ ರೂಮಿನಿಂದ ಇನ್ನೂ ಮಲಗಿಲ್ವೇನೋ ಅಂತ ಕೂಗುತ್ತಿದ್ದರು. ಟ್ಯಾಕ್ಸ್ ಹಾಕುವಾಗ ಬಹಳ ಜಾಣತನದಿಂದ ಆ 70 ಕೆಲಸದ ದಿನ ನ್ಯೂಯಾರ್ಕ್‌ನದಲ್ಲ ಅಂತ ಕಳೆದು ಐಟಿ-203 (ಹೊರಗಿನವರು ನ್ಯೂಯಾರ್ಕ್‌ಗೆ ಹಾಕುವ ರಿಟರ್ನ್) ಹಾಕಿದೆ.

ಪತ್ರ ಬಂತು. ತಪ್ಪು ನನ್ನದೇ. ನ್ಯೂಯಾರ್ಕ್‌ನಲ್ಲಿ ಕನ್ವೀನಿಯೆನ್ಸ್ ರೂಲ್ ಅಂತ ಒಂದಿದೆ. ಆಫೀಸು ನ್ಯೂಯಾರ್ಕ್‌ನಲ್ಲಿದ್ದು, ನಿಮ್ಮ ಅನುಕೂಲಕ್ಕೆ ನೀವು ಬೇರೆ ಕಡೆ ಕೂತು ಕೆಲಸ ಮಾಡಿದರೆ, ಆ ದಿನವೂ ನ್ಯೂಯಾರ್ಕ್‌ನ ದಿನವೇ. ಕಂಪನಿಗೇ ನೀವು ಅಲ್ಲಿರುವುದು ಅನಿವಾರ್ಯ ಆಗಿದ್ದರೆ ಮಾತ್ರ ಬಿಡುತ್ತಾರೆ. ಅಮ್ಮನ ಮಂಡಿ ಕಂಪನಿಯ ಅನಿವಾರ್ಯ ಅಲ್ಲವಲ್ಲ. ಕನೆಕ್ಟಿಕಟ್‌ನಲ್ಲಿ ಮನೆಯಿದ್ದು ನ್ಯೂಯಾರ್ಕ್‌ನಲ್ಲಿ ಕಾನೂನು ಕಲಿಸುತ್ತಿದ್ದ ಜೆಲಿನ್ಸ್ಕಿ ಅನ್ನುವ ಪ್ರೊಫೆಸರ್ ಇದನ್ನು ಕೋರ್ಟಿಗೇ ಒಯ್ದರು, 2003ರಲ್ಲಿ ಸೋತರು. ಕಾನೂನು ಪ್ರೊಫೆಸರೇ ಸೋತ ಮೇಲೆ ನಾನು ಯಾವ ಲೆಕ್ಕ.

ಪುಣ್ಯಕ್ಕೆ ನಾನು ನ್ಯೂಜರ್ಸಿ ರೆಸಿಡೆಂಟ್. ನ್ಯೂಯಾರ್ಕ್‌ಗೆ ಕಟ್ಟಿದ್ದಕ್ಕೆ ನ್ಯೂಜರ್ಸಿ ಕ್ರೆಡಿಟ್ ಕೊಡುತ್ತದೆ, ಅಂದರೆ ತನ್ನ ಟ್ಯಾಕ್ಸಿನಲ್ಲಿ ಅದನ್ನು ಕಳೆಯಲು ಬಿಡುತ್ತದೆ. ಹಾಗಾಗಿ ನ್ಯೂಯಾರ್ಕ್‌ಗೆ ಜಾಸ್ತಿ ಕಟ್ಟಿ, ನ್ಯೂಜರ್ಸಿ ರಿಟರ್ನ್ ತಿದ್ದಿ ಹಾಕಿ ಒಂದಷ್ಟು ವಾಪಸ್ ಪಡೆದೆ. ಬಡ್ಡಿ ಮಾತ್ರ ನನ್ನ ಜೇಬಿಂದಲೇ ಹೋಯಿತು.

ಡಲ್ಲಾಸ್_ಹುಡುಗಿ:
ನಡುವೆ ಬಂದಿದ್ದಕ್ಕೆ ಸಾರಿ. ನಾನು ಎಫ್-1 ಸ್ಟೂಡೆಂಟ್ ವೀಸಾದಲ್ಲಿ ಡಲ್ಲಾಸ್‌ನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ 12 ವಾರ ಸ್ಯಾನ್ ಹೋಸೆಯಲ್ಲಿ ಇಂಟರ್ನ್‌ಶಿಪ್ ಮಾಡಿ ಬಂದೆ. ನಾನೂ ಕ್ಯಾಲಿಫೋರ್ನಿಯಾ ರೆಸಿಡೆಂಟ್ ಆಗಿಬಿಡುತ್ತೀನಾ?

ಲೆಕ್ಕದ_ರಾಯರು:
ಇಲ್ಲಮ್ಮಾ. 12 ವಾರಕ್ಕೆ ಅಂತ ಹೋಗಿ ಮುಗಿದ ಮೇಲೆ ಕಾಲೇಜಿಗೆ ವಾಪಸ್ ಬಂದಿದ್ದೀಯ, ಅದು ತಾತ್ಕಾಲಿಕವೇ. ಆದರೆ ಕೆಲಸ ಮಾಡಿದ್ದು ಅಲ್ಲಿ ಆದ್ದರಿಂದ ಆ ಸಂಬಳಕ್ಕೆ ಟ್ಯಾಕ್ಸ್ ಅಲ್ಲಿನದೇ. 540ಎನ್‌ಆರ್ ಹಾಕು, ಜಾಸ್ತಿ ಹಿಡಿದಿದ್ದರೆ ವಾಪಸ್ ಬರುತ್ತದೆ. ಫೆಡರಲ್‌ಗೆ ಬೇರೆ, 1040ಎನ್‌ಆರ್. ಎರಡರ ಹೆಸರು ಒಂದೇ ಥರ ಇದೆ ಅಂತ ಗಲಿಬಿಲಿ ಮಾಡಿಕೊಳ್ಳಬೇಡ.

ಆಸ್ಟಿನ್_ಅಲೆಮಾರಿ:
ರಾಯರೇ, ಒಂದು ಆಸೆ ಉಳಿದಿದೆ. 546 ದಿನದ ಸೇಫ್ ಹಾರ್ಬರ್ ಅಂತ ಎಲ್ಲೋ ಓದಿದೆ. ಪ್ರಾಜೆಕ್ಟ್ ಇನ್ನೊಂದು ಎಂಟು ತಿಂಗಳು ಮುಂದಕ್ಕೆ ಹೋಗಬಹುದು ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ. ಒಪ್ಪಿಕೊಂಡರೆ ಬಚಾವಾ?

ಲೆಕ್ಕದ_ರಾಯರು:
ಒಳ್ಳೇ ಪ್ರಶ್ನೆ, ಇದರಲ್ಲೇ ಜಾಸ್ತಿ ಜನ ಬೀಳುವುದು. ನಿಯಮ ಇರುವುದು ನಿಜ. ಕೆಲಸದ ಕರಾರಿನ ಮೇಲೆ ಸತತ 546 ದಿನ ಕ್ಯಾಲಿಫೋರ್ನಿಯಾದ ಹೊರಗಿದ್ದರೆ, ಡೊಮಿಸೈಲ್ ಅಲ್ಲಿನದೇ ಆಗಿದ್ದರೂ ನಾನ್ ರೆಸಿಡೆಂಟ್ ಅಂತ ಪರಿಗಣಿಸುತ್ತಾರೆ. ಬಡ್ಡಿ, ಡಿವಿಡೆಂಡ್, ಷೇರು ಲಾಭ ಇಂಥವು ವರ್ಷಕ್ಕೆ 2,00,000 ಡಾಲರ್ ದಾಟಬಾರದು. ಟ್ಯಾಕ್ಸ್ ತಪ್ಪಿಸುವುದೇ ಮುಖ್ಯ ಉದ್ದೇಶ ಆಗಿರಬಾರದು. ಮತ್ತೆ ನಡುವೆ ಮನೆಗೆ ಬಂದು ಹೋಗುವುದು ಒಂದು ತೆರಿಗೆ ವರ್ಷದಲ್ಲಿ 45 ದಿನ ಮೀರಬಾರದು.

ನಿಮ್ಮದನ್ನು ಎಣಿಸೋಣ. ಫೆಬ್ರವರಿ ಕೊನೆಯಿಂದ ಡಿಸೆಂಬರ್‌ವರೆಗೆ 44 ವಾರ. ಎರಡು ವಾರಕ್ಕೊಮ್ಮೆ ಅಂದರೆ 22 ಸಲ. ಶುಕ್ರ, ಶನಿ, ಭಾನು ಅಂತ ಮೂರು ದಿನ ಹಿಡಿದರೆ 66. ಹೋಯಿತು.

ಇದೆಲ್ಲ ಸರಿಯಾಗಿದ್ದು 45ರ ಒಳಗೇ ಇದ್ದರೂ ಇನ್ನೊಂದು ಗುಂಡಿ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕ್ಯಾಲಿಫೋರ್ನಿಯಾ ಕಮ್ಯುನಿಟಿ ಪ್ರಾಪರ್ಟಿ ರಾಜ್ಯ. ಗಂಡನ ಸಂಬಳದಲ್ಲಿ ಅರ್ಧ ಹೆಂಡತಿಯದು, ಹೆಂಡತಿಯದರಲ್ಲಿ ಅರ್ಧ ಗಂಡನದು ಅಂತ ಕಾನೂನು. ನೀವು ನಾನ್ ರೆಸಿಡೆಂಟ್ ಆದರೂ ನಿಮ್ಮ ಮನೆಯವರು ಫ್ರೀಮಾಂಟ್‌ನಲ್ಲೇ ಇದ್ದರೆ, ನಿಮ್ಮ ಆಸ್ಟಿನ್ ಸಂಬಳದ ಅರ್ಧ ಅವರ ಆದಾಯ ಅಂತ ಕ್ಯಾಲಿಫೋರ್ನಿಯಾ ಟ್ಯಾಕ್ಸ್‌ಗೆ ಬರುತ್ತದೆ. ಡೊಮಿಸೈಲನ್ನೇ ಟೆಕ್ಸಸ್‌ಗೆ ಬದಲಿಸಿದರೂ ಇದೇ ಕಥೆ, ಯಾಕೆಂದರೆ ಟೆಕ್ಸಸ್ ಕೂಡ ಕಮ್ಯುನಿಟಿ ಪ್ರಾಪರ್ಟಿ ರಾಜ್ಯ. ವಾಷಿಂಗ್ಟನ್ನೂ ಅಷ್ಟೇ.

ಸಿಯಾಟಲ್_ಸೋನೆಮಳೆ:
ಇದು ನನಗೂ ಹೊಸದು! ನನ್ನ ಗಂಡ ನಾಲ್ಕು ತಿಂಗಳು ತಡವಾಗಿ ಬರುತ್ತೇನೆ ಅಂದಿದ್ದ, ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳೋಕೆ ಆಗಲ್ಲ ಅಂತ ಜಗಳ ಆಡಿ ಜೊತೆಗೇ ಎಳೆದುಕೊಂಡು ಬಂದೆ. ಆ ಜಗಳದಿಂದ ದುಡ್ಡು ಉಳಿದಿದೆ ಅಂತ ಇವತ್ತು ರಾತ್ರಿ ಹೇಳುತ್ತೇನೆ.

ಆಸ್ಟಿನ್_ಅಲೆಮಾರಿ:
ಸರಿ, ಸೋತೆ. ಪೂರ್ತಿ ವರ್ಷದ ಕ್ಯಾಲಿಫೋರ್ನಿಯಾ ರೆಸಿಡೆಂಟ್. ಈಗ ನವೆಂಬರ್ ಮಧ್ಯ. ಮಾರ್ಚ್‌ನಿಂದ ಈಚೆಗೆ ಒಂದೂವರೆ ಲಕ್ಷ ಡಾಲರ್ ಹತ್ತಿರ ಸಂಬಳ ಆಗುತ್ತದೆ, ಅದಕ್ಕೆ ಒಂದು ಪೈಸೆ ಹಿಡಿದಿಲ್ಲ. ಏಪ್ರಿಲ್‌ನಲ್ಲಿ ಒಟ್ಟಿಗೆ ಕಟ್ಟಿದರೆ ಆಗುತ್ತಾ?

ಲೆಕ್ಕದ_ರಾಯರು:
ಕಟ್ಟಬಹುದು, ಆದರೆ ಕಡಿಮೆ ಕಟ್ಟಿದ್ದಕ್ಕೆ ದಂಡ ಬೀಳಬಹುದು. ಇಬ್ಬರ ಸಂಬಳ ಸೇರಿ 9.3% ಸ್ಲ್ಯಾಬಿನಲ್ಲಿ ಇರುತ್ತೀರಿ ಅಂದುಕೊಂಡರೆ ಒಂದೂವರೆ ಲಕ್ಷಕ್ಕೆ ಸುಮಾರು 14,000 ಡಾಲರ್. ಟೆಕ್ಸಸ್‌ಗೆ ಏನೂ ಕಟ್ಟಿಲ್ಲವಾದ್ದರಿಂದ ಹಡ್ಸನ್‌ನವರಿಗೆ ಸಿಕ್ಕ ಹಾಗೆ ಕ್ರೆಡಿಟ್ಟೂ ಇಲ್ಲ.

ಈಗ ಒಂದು ಉಪಾಯ ಇದೆ, ಡಿಸೆಂಬರ್ ಮುಗಿಯುವುದರೊಳಗೆ ಮಾಡಬೇಕು. ಕ್ಯಾಲಿಫೋರ್ನಿಯಾ ಅಡ್ವಾನ್ಸ್ ಟ್ಯಾಕ್ಸ್ ಕಂತುಗಳು ವಿಚಿತ್ರ: ಏಪ್ರಿಲ್‌ಗೆ 30%, ಜೂನ್‌ಗೆ 40%, ಸೆಪ್ಟೆಂಬರ್‌ಗೆ ಸೊನ್ನೆ, ಜನವರಿಗೆ 30%. ನೀವು ಈಗ ಕಂತು ಕಟ್ಟಿದರೆ ಏಪ್ರಿಲ್, ಜೂನ್ ತಪ್ಪಿಸಿದ್ದು ಹಾಗೇ ಉಳಿಯುತ್ತದೆ. ಆದರೆ ಸಂಬಳದಲ್ಲಿ ಹಿಡಿದ ಟ್ಯಾಕ್ಸ್ ಹಾಗಲ್ಲ. ಡಿಸೆಂಬರ್‌ನಲ್ಲಿ ಹಿಡಿದರೂ ವರ್ಷವಿಡೀ ಸಮನಾಗಿ ಹಿಡಿದ ಹಾಗೆ ಲೆಕ್ಕ. ಅದಕ್ಕೇ ಡಿಇ-4 ಫಾರ್ಮ್ ತುಂಬಿ, ಪ್ರತಿ ಸಂಬಳದಲ್ಲಿ ಇಷ್ಟು ಹೆಚ್ಚುವರಿ ಹಿಡಿಯಿರಿ ಅಂತ ಪೇರೋಲ್‌ಗೆ ಕೊಡಿ. ಎರಡು ವಾರಕ್ಕೊಮ್ಮೆ ಸಂಬಳ ಅಂದರೆ ಇನ್ನು ಮೂರು ಬರಬಹುದು. ಒಬ್ಬರ ಸಂಬಳದಲ್ಲಿ ಅಷ್ಟೂ ಹಿಡಿದರೆ ಮನೆ ಖರ್ಚಿಗೆ ಕಷ್ಟ, ಅರ್ಧ ನಿಮ್ಮ ಮನೆಯವರ ಸಂಬಳದಲ್ಲಿ ಹಿಡಿಸಿ. ಇಬ್ಬರದೂ ತಲಾ 2,300 ಹತ್ತಿರ ಬರುತ್ತದೆ.

ಅದಕ್ಕೂ ಮೊದಲು ಹೋದ ವರ್ಷದ ರಿಟರ್ನ್ ತೆಗೆದು ನೋಡಿ. ಆದಾಯ ಒಂದೂವರೆ ಲಕ್ಷದ ಮೇಲಿರುವವರಿಗೆ ಹೋದ ವರ್ಷದ ಟ್ಯಾಕ್ಸಿನ 110% ಆದಾಗಲೇ ಹಿಡಿದಿದ್ದರೆ ದಂಡ ಇಲ್ಲ. ಈ ವರ್ಷದ್ದರಲ್ಲಿ 90% ಆಗಿದ್ದರೂ ಸರಿ. ಪೂರ್ತಿ 14,000 ಹಿಡಿಸುವ ಅಗತ್ಯ ಇಲ್ಲದೇ ಇರಬಹುದು, ಉಳಿದದ್ದನ್ನು ಏಪ್ರಿಲ್ 15ಕ್ಕೆ ಕಟ್ಟಿದರಾಯಿತು.

ಇನ್ನೊಂದು, ಊರಲ್ಲಿ ಎಫ್‌ಡಿ ಇಟ್ಟಿದ್ದೀರಾ? ಕ್ಯಾಲಿಫೋರ್ನಿಯಾ ರೆಸಿಡೆಂಟ್ ಅಂದರೆ ಜಗತ್ತಿನ ಯಾವ ಮೂಲೆಯ ಆದಾಯಕ್ಕೂ ಟ್ಯಾಕ್ಸ್. ಹೊರದೇಶದಲ್ಲಿರುವವರು ಊರಲ್ಲಿ ಇಡುವ ಖಾತೆ ಎರಡು ಥರ, ಎನ್‌ಆರ್‌ಇ ಮತ್ತು ಎನ್‌ಆರ್‌ಒ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ, ಇಲ್ಲಿ ಇದೆ. ಎನ್‌ಆರ್‌ಒ ಬಡ್ಡಿಗೆ ಅಲ್ಲಿ ಟಿಡಿಎಸ್ ಹಿಡಿದಿದ್ದರೆ ಫೆಡರಲ್‌ನಲ್ಲಿ ಕ್ರೆಡಿಟ್ ಸಿಗುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಅದೂ ಇಲ್ಲ. ನಮ್ಮವರು ಪ್ರತಿ ವರ್ಷ ಇದಕ್ಕೇ ನನ್ನ ಮೇಲೆ ರೇಗುತ್ತಾರೆ, ನಾನೇ ಕಾನೂನು ಮಾಡಿದ ಹಾಗೆ.

ಗೊಜ್ಜವಲಕ್ಕಿ:
ಕಸಿನ್‌ಗೆ ಈ ಥ್ರೆಡ್ ಕಳಿಸಿದೆ. ಓದಿದ್ದಾನೆ, ನೀಲಿ ಟಿಕ್ ಬಂದಿದೆ. ಉತ್ತರ ಬಂದಿಲ್ಲ.

ಹಡ್ಸನ್_ದಂಡೆ:
ಅವರ ಹೆಂಡತಿ ಎಲ್ಲಿದ್ದರು ಅಂತ ಕೇಳಿದಿರಾ? :)

ಗೊಜ್ಜವಲಕ್ಕಿ:
ಮಿಲ್ಪಿಟಾಸ್‌ನಲ್ಲಿ.

ಆಸ್ಟಿನ್_ಅಲೆಮಾರಿ:
ಎರಡು ವಾರದ ಮೇಲೆ ಅಪ್‌ಡೇಟ್. ಪೇರೋಲ್‌ನವರು ಮೊದಲು, ನೀವು ಕೆಲಸ ಮಾಡುವುದು ಟೆಕ್ಸಸ್‌ನಲ್ಲಿ, ನಾವು ಕ್ಯಾಲಿಫೋರ್ನಿಯಾದ್ದು ಹಿಡಿಯೋಕಾಗಲ್ಲ ಅಂದರು. ರೆಸಿಡೆಂಟ್ ಅಲ್ಲಿನವನೇ, ಕೆಲಸ ಎಲ್ಲಿ ಮಾಡಿದರೂ ಆ ಸಂಬಳ ಅಲ್ಲಿನ ಟ್ಯಾಕ್ಸಿಗೆ ಬರುತ್ತದೆ ಅಂತ ರಾಯರು ಹೇಳಿದ್ದನ್ನೇ ಇಂಗ್ಲಿಷ್‌ನಲ್ಲಿ ಬರೆದು ಕಳಿಸಿದೆ. ಮೂರು ಇಮೇಲ್ ಆದ ಮೇಲೆ ಒಪ್ಪಿಕೊಂಡರು. ಹೋದ ವರ್ಷದ 110% ಲೆಕ್ಕ ಹಾಕಿದರೆ 9,000 ಹಿಡಿಸಿದರೆ ಸಾಕಾಯಿತು. ಇಬ್ಬರ ಸಂಬಳಕ್ಕೂ ಹಂಚಿದೆವು. ಹೆಂಡತಿ ಪೇ ಸ್ಲಿಪ್ ನೋಡಿ, ನೀವು ಖುಷಿಪಟ್ಟಿದ್ದಕ್ಕೆ ನನ್ನ ಸಂಬಳ ಯಾಕೆ ಕಟ್ ಆಗಬೇಕು ಅಂದಳು. ಕಮ್ಯುನಿಟಿ ಪ್ರಾಪರ್ಟಿ ಅಂದೆ. ಮಾತು ಬಿಟ್ಟಿದ್ದಾಳೆ.

ಎಂಟು ತಿಂಗಳು ಮುಂದುವರಿಸುವುದಕ್ಕೆ ಆಗಲ್ಲ ಅಂತ ಮ್ಯಾನೇಜರ್‌ಗೆ ಹೇಳಿಬಿಟ್ಟೆ. ಜನವರಿ 18ಕ್ಕೆ ಹೊರಡುತ್ತಿದ್ದೇನೆ. ಲೈಸೆನ್ಸ್ ಮತ್ತೆ ಕ್ಯಾಲಿಫೋರ್ನಿಯಾದ್ದು ಮಾಡಿಸಬೇಕು, ಮತ್ತೆ ಆ ಕ್ಯೂ. ಡಬ್ಲ್ಯೂ-2 ಬಂದ ಮೇಲೆ 16ನೇ ಬಾಕ್ಸ್‌ನಲ್ಲಿ (ರಾಜ್ಯದ ಲೆಕ್ಕದ ಸಂಬಳ ಬರೆಯುವ ಕಡೆ) ಏನು ತುಂಬಿದ್ದಾರೆ ನೋಡಿ ಇಲ್ಲೇ ಬರೆಯುತ್ತೇನೆ, ರಾಯರು ಫೆಬ್ರವರಿಯಲ್ಲಿ ಸ್ವಲ್ಪ ಬಿಡುವು ಇಟ್ಟುಕೊಳ್ಳಿ. ಆಸ್ಟಿನ್‌ನಲ್ಲಿ ಯಾರಾದರೂ ಇದ್ದರೆ ಹೇಳಿ, ಒಂದು ಮೂರು ಲೀಟರ್ ಕುಕ್ಕರ್, ಒಂದು ಮಡಿಚುವ ಟೇಬಲ್, ಅರ್ಧ ಚೀಲ ಸೋನಾ ಮಸೂರಿ ಇದೆ, ಬಂದು ತೆಗೆದುಕೊಂಡು ಹೋಗಿ.